ಹೂಂಗುಟ್ಟುವ ಪೆಟ್ಟಿಗೆ

ಚಿತ್ತಪ್ಪ ಮಾಡಿದ ವೈರ್‌ಲೆಸ್ ಪೆಟ್ಟಿಗೆಯಲ್ಲಿ ಬೇಕಾದದ್ದೆಲ್ಲ ಇತ್ತು. ಮಾತು ಕಳಿಸುತ್ತಿತ್ತು, ಮಾತು ತರಿಸುತ್ತಿತ್ತು, ಜೀಪಿನ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಎತ್ತಿ ಹಾಕಿದರೂ ಕೆಡುತ್ತಿರಲಿಲ್ಲ. ಒಂದೇ ನಿಯಮ. ಈ ಕಡೆಯವನು ಗುಂಡಿ ಒತ್ತಿ ಮಾತಾಡುವಾಗ ಆ ಕಡೆಯವನು ಬಾಯಿ ಮುಚ್ಚಿಕೊಂಡು ಕೇಳಬೇಕು. ಈ ಕಡೆಯವನು ಗುಂಡಿ ಬಿಟ್ಟ ಮೇಲೆ ಆ ಕಡೆಯವನು ತನ್ನ ಗುಂಡಿ ಒತ್ತಿ ಉತ್ತರ ಕೊಡಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ಯಾರ ಮಾತೂ ಯಾರಿಗೂ ಕೇಳದು, ಬರೀ ಸಿಳ್ಳು. ಪೊಲೀಸರು, ಮಿಲಿಟರಿಯವರು, ಹಡಗಿನವರು ಎಲ್ಲರೂ ಹೀಗೇ ಮಾತಾಡಿಕೊಂಡು ಸುಖವಾಗಿದ್ದರು. ಇದೂ ಒಂದು ಕೊರತೆ ಎಂದು ಚಿತ್ತಪ್ಪನಿಗೆ ಯಲ್ಲದಕೆರೆ ಎಂಬ ಹಳ್ಳಿಗೆ ಬರುವ ತನಕ ಹೊಳೆದಿರಲಿಲ್ಲ.

ಚಿತ್ತಪ್ಪ ಚಿಕ್ಕಜಾಜೂರಿನವನು. ಅಪ್ಪ ರೈಲ್ವೆಯಲ್ಲಿದ್ದ. ಹುಡುಗ ಶಾಲೆಗೆ ಹೋಗುವಾಗ ಹಳಿ ಪಕ್ಕದ ತಂತಿ ಕಂಬಕ್ಕೆ ಕಿವಿ ಹಚ್ಚಿ ನಿಂತುಬಿಡುತ್ತಿದ್ದ. ಒಳಗೆ ಗುಂಯ್ ಅನ್ನುವುದು ಬೊಂಬಾಯಿಯ ಮಾತು ಎಂದು ನಂಬಿದ್ದ. ದೊಡ್ಡವನಾಗಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಕಂಬವೂ ಬೇಡ ತಂತಿಯೂ ಬೇಡ ಎಂದು ಬೆಂಗಳೂರಿನ ಒಂದು ವೈರ್‌ಲೆಸ್ ಸಂಶೋಧನಾಲಯ ಸೇರಿದ. ತಂತಿ ಇಲ್ಲದ ಕರೆಂಟಿನ ಕೆಲಸ ಎಂದು ಅವನ ತಾಯಿ ಊರಲ್ಲಿ ಹೇಳಿಕೊಂಡಳು. ಹಾಗಾದರೆ ಕರೆಂಟ್ ಹೋದಾಗ ಮಾಡುವ ಕೆಲಸ ಇರಬೇಕು ಎಂದು ಪಕ್ಕದ ಮನೆಯವರು ತೀರ್ಮಾನಿಸಿದರು. ಆ ಕಾಲದಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಕರೆಂಟ್ ಹೋಗುತ್ತಿದ್ದ ಲೆಕ್ಕ ನೋಡಿದರೆ ಅದು ದೊಡ್ಡ ನೌಕರಿಯೇ ಸೈ.

ವರ್ಷಗಟ್ಟಲೆ ತಲೆಕೂದಲು ಉದುರಿಸಿಕೊಂಡು ಚಿತ್ತಪ್ಪ ಈ ಪೆಟ್ಟಿಗೆ ಮಾಡಿದ್ದ. ಟೆಲಿಫೋನ್ ಕಂಬ ಬಾರದ ಹಳ್ಳಿಗಳಿಗೆಂದೇ ಮಾಡಿದ್ದು. ಅವನು ಯಲ್ಲದಕೆರೆಗೆ ಬಂದ ದಿನ ಮಧ್ಯಾಹ್ನವೇ ಅದರ ಪರೀಕ್ಷೆ. ಡೆಲ್ಲಿಯಿಂದ ಬಂದ ಕಮಿಟಿ ಹಿರಿಯೂರಿನ ಪ್ರವಾಸಿ ಮಂದಿರದಲ್ಲಿ ಕೂತು ಕೇಳುತ್ತದೆ. ಯಲ್ಲದಕೆರೆಯಿಂದ ಒಬ್ಬರು ಮಾತಾಡಬೇಕು. ಪೆಟ್ಟಿಗೆ ಪಾಸಾದರೆ ಹಳ್ಳಿ ವೈರ್‌ಲೆಸ್ಸಿಗಾಗಿಯೇ ಹೊಸ ಲ್ಯಾಬು, ಅದಕ್ಕೆ ಚಿತ್ತಪ್ಪನೇ ಮುಖ್ಯಸ್ಥ. ಫೇಲಾದರೆ ಕೆಲಸ ಅಲ್ಲಿಗೇ ಬಂದ್, ಚಿತ್ತಪ್ಪ ಸ್ಟೋರ್ಸಿಗೆ. ಸ್ಟೋರ್ಸು ಎಂದರೆ ಸಂಶೋಧನಾಲಯದ ಹಿಂದಿದ್ದ ತಗಡಿನ ಶೆಡ್ಡು. ಅದರೊಳಗೆ ಹೋದ ಇಂಜಿನಿಯರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಕಮಿಟಿಯವರು ಒಂದು ಷರತ್ತು ಹಾಕಿದ್ದರು. ಹಿಂದೆ ಎರಡೂ ಕಡೆ ಇಂಜಿನಿಯರುಗಳೇ ಕೂತು 'ಹಲೋ ಹಲೋ, ಒನ್ ಟೂ ತ್ರೀ' ಎಂದು ಹಲವು ಕಮಿಟಿಗಳ ಕಿವಿಗೆ ಹೂವಿಟ್ಟದ್ದುಂಟು. ಆದ್ದರಿಂದ ಈ ಸಲ ಹಳ್ಳಿಯ ಕಡೆಯಿಂದ ಇಂಜಿನಿಯರು ಬಾಯಿ ಬಿಡಕೂಡದು. ಊರಿನ ಒಬ್ಬ ಸಾಮಾನ್ಯ ಮನುಷ್ಯ, ಬರೆದುಕೊಟ್ಟದ್ದನ್ನು ಓದದೆ, ಕಾಲು ಗಂಟೆ ತಡೆಯಿಲ್ಲದೆ ಮಾತಾಡಬೇಕು. ಅದು ಸ್ಪಷ್ಟವಾಗಿ ಕೇಳಬೇಕು.

ಈ ಷರತ್ತು ಕೇಳಿ ಚಿತ್ತಪ್ಪ ನಕ್ಕಿದ್ದ. ನಮ್ಮ ಸೀಮೆಯಲ್ಲಿ ಮನುಷ್ಯನನ್ನು ಕಾಲು ಗಂಟೆ ಮಾತಾಡಿಸುವುದೂ ಒಂದು ಕಷ್ಟವೇ? ನಿಲ್ಲಿಸುವುದು ಕಷ್ಟ. ಅವನು ಆರಿಸಿಕೊಂಡದ್ದು ಕುರಿಗಾರರ ಹಿರಿಯ ಗುಡ್ಡಪ್ಪನನ್ನು. ಗುಡ್ಡಪ್ಪ ಮಾತಿಗೆ ಕೂತರೆ ಎದುರಿಗೆ ಕೂತವರ ಕಾಲು ಜೋಮು ಹಿಡಿಯುತ್ತಿತ್ತೇ ಹೊರತು ಅವನ ನಾಲಿಗೆಗೆ ಏನೂ ಆಗುತ್ತಿರಲಿಲ್ಲ. ಹಿರಿಯೂರಿನ ಪೆಟ್ಟಿಗೆಯ ಹತ್ತಿರ ತನ್ನ ಕಿರಿಯ ಇಂಜಿನಿಯರು ಶಿವಕುಮಾರಪ್ಪನನ್ನು ಕೂರಿಸಿ, ಚಿತ್ತಪ್ಪ ಬೆಳಿಗ್ಗೆಯೇ ಜೀಪಿನಲ್ಲಿ ಯಲ್ಲದಕೆರೆಗೆ ಬಂದ. ಗುಡ್ಡಪ್ಪನ ಮನೆಯ ಜಗಲಿಯ ಮೇಲೆ ಪೆಟ್ಟಿಗೆ ಇಟ್ಟ, ಜೀಪಿನ ಬ್ಯಾಟರಿ ಬಿಚ್ಚಿ ಜೋಡಿಸಿದ, ಬೇವಿನ ಮರದ ತುದಿಗೆ ಬಿದಿರಿನ ಗಳ ಕಟ್ಟಿಸಿ ಏರಿಯಲ್ ಏರಿಸಿದ. ಊರು ಸುತ್ತ ನೆರೆಯಿತು. ಮೈಕು ಗುಡ್ಡಪ್ಪನ ಕೈಗೆ ಬಂತು.

ಗುಡ್ಡಪ್ಪ ಗಂಟಲು ಸರಿ ಮಾಡಿಕೊಂಡು, ಗುಂಡಿ ಒತ್ತಿ, ನಮಸ್ಕಾರ ಸ್ವಾಮಿ, ನಾನು ಯಲ್ಲದಕೆರೆ ಗುಡ್ಡಪ್ಪ ಎಂದ. ಎಂದು ನಿಲ್ಲಿಸಿದ.

ಚಿತ್ತಪ್ಪ ಕಾದ. ಊರೂ ಕಾಯಿತು. ಗುಡ್ಡಪ್ಪ ಪೆಟ್ಟಿಗೆಯ ಮುಖವನ್ನೇ ನೋಡುತ್ತಿದ್ದ. ಮುಂದೆ ಹೇಳಿ ಎಂದು ಚಿತ್ತಪ್ಪ ಕೈಸನ್ನೆ ಮಾಡಿದ. ಗುಡ್ಡಪ್ಪ ಮೈಕನ್ನು ತೊಡೆಯ ಮೇಲಿಟ್ಟುಕೊಂಡ.

"ಆ ಕಡೆ ಕೇಳೋರು ಅದಾರೋ ಇಲ್ವೋ?"

"ಅದಾರೆ ಯಜಮಾನ್ರೆ. ಮಾತಾಡ್ರಿ."

"ಮತ್ತೆ ಹೂಂ ಅನ್ನಲಿಲ್ವಲ್ಲಪ್ಪ."

ಚಿತ್ತಪ್ಪ ವಿವರಿಸಿದ. ನೀವು ಗುಂಡಿ ಒತ್ತಿರುವಷ್ಟು ಹೊತ್ತು ಅವರ ದನಿ ಇತ್ತ ಬರುವುದಿಲ್ಲ, ನೀವು ಪೂರ್ತಿ ಹೇಳಿ ಗುಂಡಿ ಬಿಟ್ಟ ಮೇಲೆ ಅವರು ಮಾತಾಡುತ್ತಾರೆ, ಇದು ವೈರ್‌ಲೆಸ್ಸಿನ ಪದ್ಧತಿ ಎಂದ. ಗುಡ್ಡಪ್ಪ ಎಲ್ಲವನ್ನೂ ಶಾಂತವಾಗಿ ಕೇಳಿದ, ಮಧ್ಯೆ ಮಧ್ಯೆ ಸರಿಯಾಗಿ ಹೂಂಗುಟ್ಟುತ್ತಲೇ ಕೇಳಿದ.

"ನಿನ್ನ ಪದ್ಧತಿ ನಿಂಗಿರಲಿ. ಮಾತು ಹೇಳ್ತಿದ್ರೆ ಹೂಂ ಅನ್ನದೆ ಕುಂತೋನು ಒಂದು ಸತ್ತಿರಬೇಕು, ಇಲ್ಲ ಸಿಟ್ಟಾಗಿರಬೇಕು. ಇವರು ಯಾವುದು ಹೇಳು. ಗ್ವಾಡೆ ಸಂಗಡ ಮಾತಾಡಾಕೆ ನಂಗೇನು ಬುದ್ಧಿ ಕೆಟ್ಟೈತಾ?"

ನಮ್ಮ ಕಡೆಯ ಮಾತಿನ ಮರ್ಯಾದೆಯೇ ಹಾಗೆ. ಹೇಳುವವನು ಒಂದು ತುಂಡು ಹೇಳುತ್ತಾನೆ, ಕೇಳುವವನು ಒಂದು ಹೂಂ ಹಾಕುತ್ತಾನೆ. ಆ ಹೂಂ ಮೇಲೆ ಕಾಲಿಟ್ಟು ಹೇಳುವವನು ಮುಂದಕ್ಕೆ ಹೋಗುತ್ತಾನೆ. ಹೂಂ ಇಲ್ಲದಿದ್ದರೆ ಮೆಟ್ಟಿಲು ಇಲ್ಲದ ಏಣಿ ಹತ್ತಿದ ಹಾಗೆ. ಈ ಸಂಗತಿ ಚಿಕ್ಕಜಾಜೂರಿನ ಚಿತ್ತಪ್ಪನಿಗೆ ಹುಟ್ಟಿನಿಂದ ಗೊತ್ತಿತ್ತು. ಅಜ್ಜಿಯ ಕತೆಗಳಿಗೆಲ್ಲ ಅವನೇ ಹೂಂ ಹಾಕಿ ಬೆಳೆದವನು. ಆದರೆ ಇಂಜಿನಿಯರಿಂಗ್ ಓದುವಾಗ ಅದನ್ನು ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲವಾದ್ದರಿಂದ ಮರೆತಿದ್ದ.

ಅಷ್ಟೇ ತಾನೆ ಎಂದು ಚಿತ್ತಪ್ಪ ಧೈರ್ಯ ತಂದುಕೊಂಡ. ಹಿರಿಯೂರಿನ ಶಿವಕುಮಾರಪ್ಪನಿಗೆ ತಿಳಿಸಿದ. ಯಜಮಾನರು ಒಂದೊಂದು ತುಂಡು ಹೇಳಿ ಗುಂಡಿ ಬಿಡುತ್ತಾರೆ, ಬಿಟ್ಟ ತಕ್ಷಣ ನೀನು ಒಂದು ಹೂಂ ಹಾಕು ಎಂದ. ಶಿವಕುಮಾರಪ್ಪ ಬಹಳ ಉತ್ಸಾಹದ ಹುಡುಗ. ಹೇಳಿದ್ದಕ್ಕಿಂತ ಹೆಚ್ಚು ಮಾಡಿಯೇ ಕೆಡಿಸುವವನು. ಗುಡ್ಡಪ್ಪ ಗುಂಡಿ ಬಿಡುವುದಕ್ಕೆ ಮೊದಲೇ ಅವನು ಒತ್ತಿಬಿಡುತ್ತಿದ್ದ. ಎರಡೂ ಕಡೆ ಒಟ್ಟಿಗೆ ಒತ್ತಿದಾಗ ಪೆಟ್ಟಿಗೆ ಹಿಡಿದ ಹಂದಿಯಂತೆ ಕಿರುಚಿತು. ಜಗಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು ಊರು ಬಿಟ್ಟು ಹೋಯಿತು. ನಿಧಾನ ಮಾಡು ಎಂದು ಚಿತ್ತಪ್ಪ ಬೈದ ಮೇಲೆ ಶಿವಕುಮಾರಪ್ಪ ನಿಧಾನ ಮಾಡಿದ. ಆಗ ಅವನ ಹೂಂ ಎಷ್ಟು ತಡವಾಗಿ ಬಂತೆಂದರೆ, ಗುಡ್ಡಪ್ಪ ಅದನ್ನು ಹೊಸ ಮಾತಿನ ಪೀಠಿಕೆ ಎಂದುಕೊಂಡು ತಾನೂ ಮರ್ಯಾದೆಗೆ ಹೂಂ ಎಂದ. ಅದಕ್ಕೆ ಶಿವಕುಮಾರಪ್ಪ ಹೂಂ ಎಂದ. ಅದಕ್ಕೆ ಗುಡ್ಡಪ್ಪ ಹೂಂ ಎಂದ. ಯಲ್ಲದಕೆರೆಯಿಂದ ಹಿರಿಯೂರಿಗೆ, ಹಿರಿಯೂರಿನಿಂದ ಯಲ್ಲದಕೆರೆಗೆ ಬರೀ ಹೂಂಗಳೇ ಓಡಾಡಿದವು. ಬ್ಯಾಟರಿ ಮೀಟರಿನ ಮುಳ್ಳು ಕೆಳಗೆ ಇಳಿಯುತ್ತಾ ಬಂತು.

ಕೊನೆಗೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಸಿದ್ದಕ್ಕ ತೀರ್ಪು ಕೊಟ್ಟಳು. ಸಿದ್ದಕ್ಕ ಗುಡ್ಡಪ್ಪನಿಗೆ ಅಕ್ಕ. ಆ ಮನೆಯಲ್ಲಿ ಅವಳ ಮಾತಿಗೆ ಮೇಲೆ ಮಾತಿಲ್ಲ.

"ಏನಪ್ಪ ಇಂಜಿನಿಯರೆ, ಆ ಹುಡುಗನ್ನ ತೆಗಿ. ಹೂಂನಾಗೂ ಥರಾವರಿ ಅವೆ. ಕೇಳೋರ ಹೂಂ ಬ್ಯಾರೆ, ಎದ್ದು ಹೋಗೋರ ಹೂಂ ಬ್ಯಾರೆ. ಅವಂದು ಬಸ್ಸಿಗೆ ಕಾಯ್ತಾ ನಿಂತೋನ ಹೂಂ."

ಗುಡ್ಡಪ್ಪನಿಗೂ ಹಾಗೇ ಅನ್ನಿಸಿತ್ತು. ನಾನು ಮುಗಿಸಲಿ ಅಂತ ಕಾಯುವವನ ಹತ್ತಿರ ನಾನು ಶುರುವನ್ನೇ ಮಾಡುವುದಿಲ್ಲ ಎಂದು ಮೈಕನ್ನು ಕೆಳಗಿಟ್ಟು ಎಲೆ ಅಡಿಕೆಗೆ ಕೈಹಾಕಿದ.

ಆಗ ಪಕ್ಕದ ಮನೆಯ ರಂಗಪ್ಪ ಮುಂದೆ ಬಂದ. ಯಾರಿಗೆ ಏನು ಕಷ್ಟ ಬಂದರೂ ಅದಕ್ಕೆ ಒಂದು ಉಪಾಯ ಹೇಳಿ, ಕಷ್ಟವನ್ನು ಇನ್ನೊಂದಿಷ್ಟು ದೊಡ್ಡದು ಮಾಡಿ ಹೋಗುವುದು ಅವನ ಪದ್ಧತಿ. ಹೂಂ ತಾನೆ ಬೇಕಾಗಿರುವುದು, ನಾನು ಪಕ್ಕದಲ್ಲೇ ಕೂತು ಹಾಕುತ್ತೇನೆ ಎಂದ. ಚಿತ್ತಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ಸುಲಭದ ದಾರಿ ತನಗೇ ಯಾಕೆ ಹೊಳೆಯಲಿಲ್ಲ ಎಂದು ಹಣೆ ಬಡಿದುಕೊಂಡ.

ರಂಗಪ್ಪ ಕೂತ. ಗುಡ್ಡಪ್ಪ ಶುರುಮಾಡಿದ. ರಂಗಪ್ಪನ ಹೂಂ ಬಲು ಸೊಗಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೂಂ ಬಂದ ಕಡೆಗೆ ಮುಖ ತಿರುಗುವುದು ಮನುಷ್ಯನ ಸ್ವಭಾವ. ಗುಡ್ಡಪ್ಪ ಮೊದಲು ಕುತ್ತಿಗೆ ತಿರುಗಿಸಿದ, ಆಮೇಲೆ ಮೈ ತಿರುಗಿಸಿದ, ಆಮೇಲೆ ರಂಗಪ್ಪನ ತೊಡೆ ತಟ್ಟುವುದಕ್ಕೆ ಕೈ ಬೇಕಾಗಿ ಮೈಕನ್ನು ಕೆಳಗಿಟ್ಟ. ಕುರಿಗಳ ಕಾಲುಬ್ಯಾನೆಗೆ ಯಾವ ಸೊಪ್ಪು ಒಳ್ಳೆಯದು ಎಂಬಲ್ಲಿಗೆ ಮಾತು ಹೋಯಿತು. ಸಾರ್, ನಿಮ್ಮ ಕಡೆಯಿಂದ ಬರೀ ಕೋಳಿ ಕೂಗುವುದು ಕೇಳುತ್ತಿದೆ ಎಂದು ಶಿವಕುಮಾರಪ್ಪ ಹಿರಿಯೂರಿನಿಂದ ವರದಿ ಕೊಟ್ಟ. ಚಿತ್ತಪ್ಪ ಮೈಕನ್ನು ಎತ್ತಿ ಗುಡ್ಡಪ್ಪನ ಬಾಯಿಗೆ ಹಿಡಿದ. ನಾವಿಬ್ಬರು ಮಾತಾಡುವಾಗ ನಡುವೆ ಇದೇನು ತೂರಿಸುತ್ತೀ ಎಂದು ಗುಡ್ಡಪ್ಪ ಕೈಯಿಂದ ಸರಿಸಿದ.

ಹೊತ್ತು ನೆತ್ತಿಗೆ ಬಂದಿತ್ತು. ಪೆಟ್ಟಿಗೆ ಗೊರಗೊರ ಅಂದು, ಶಿವಕುಮಾರಪ್ಪನ ದನಿ ಪಿಸುಮಾತಾಗಿ ಬಂತು. ಕಮಿಟಿ ಬಂದಿದೆ ಸಾರ್, ಎಲ್ಲರೂ ಕೂತಿದ್ದಾರೆ, ಅಧ್ಯಕ್ಷರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಾರೆ, ಮುಖ ನೋಡಿದರೆ ಡೆಲ್ಲಿಯಿಂದಲೇ ಫೇಲ್ ಮಾಡಿಕೊಂಡು ಬಂದ ಹಾಗಿದೆ ಎಂದ.

ಚಿತ್ತಪ್ಪನ ಕಣ್ಣೆದುರು ತಗಡಿನ ಶೆಡ್ಡು ಬಂದು ನಿಂತಿತು. ಹೂಂ ಬೇಕು. ಅದು ಪಕ್ಕದಿಂದ ಬರಬಾರದು, ಪೆಟ್ಟಿಗೆಯಿಂದಲೇ ಬರಬೇಕು. ಪೆಟ್ಟಿಗೆ ಹೂಂ ಅನ್ನುವುದಿಲ್ಲ. ಪ್ರಪಂಚದ ಯಾವ ಪೆಟ್ಟಿಗೆಯೂ ಅನ್ನುವುದಿಲ್ಲ. ಅವನು ಸುತ್ತ ನೋಡಿದ. ಜಗಲಿಯ ಹಗ್ಗದ ಮೇಲೆ ಗುಡ್ಡಪ್ಪನ ಕರಿ ಕಂಬಳಿ ನೇತಾಡುತ್ತಿತ್ತು.

"ಯಜಮಾನ್ರೆ, ಈಗ ಆ ಹುಡುಗ ಇಲ್ಲ. ದೊಡ್ಡ ಸಾಹೇಬ್ರೇ ಬಂದು ಕುಂತವ್ರೆ. ಅವ್ರು ಹೂಂ ಅಂತಾರೆ. ನಾನು ಒಳಗೆ ವೈರ್ ಹಿಡ್ಕಂಡು ಕುಂತಿರ್ತೀನಿ, ನನ್ನ ಮಾತಾಡಿಸಬ್ಯಾಡ್ರಿ."

ಹೀಗೆ ಹೇಳಿ, ಮೈಕಿನ ಗುಂಡಿ ಸಡಿಲವಾಗದಂತೆ ದಾರದಿಂದ ಬಿಗಿಯಾಗಿ ಕಟ್ಟಿ ಗುಡ್ಡಪ್ಪನ ಕೈಗೆ ಕೊಟ್ಟ. ಇನ್ನು ಹಿರಿಯೂರಿನವರು ಬಾಯಿ ಬಡಿದುಕೊಂಡರೂ ಅವರ ಒಂದು ಅಕ್ಷರ ಇತ್ತ ಬರುವಂತಿರಲಿಲ್ಲ. ಬಿಸಿಲಿಗೆ ಪೆಟ್ಟಿಗೆ ಕಾಯುತ್ತದೆ ಎಂದು ನೆಪ ಹೇಳಿ ಕಂಬಳಿಯನ್ನು ಪೆಟ್ಟಿಗೆಯ ಮೇಲೆ ಹೊದಿಸಿದ, ಹಿಂದಿನಿಂದ ತಾನೂ ಅದರೊಳಗೆ ನುಸುಳಿ ಕುಕ್ಕರಗಾಲಲ್ಲಿ ಕೂತ. ಬಾಯಿಗೆ ಎರಡೂ ಅಂಗೈ ಸೇರಿಸಿ ಸ್ಪೀಕರಿನ ಪಕ್ಕ ಹಿಡಿದ. ಕಂಬಳಿಯ ಒಳಗಿನ ಸೆಕೆಯಲ್ಲಿ ಜೋಳ ಇಟ್ಟಿದ್ದರೆ ಅರಳಾಗುತ್ತಿತ್ತು.

ಗುಡ್ಡಪ್ಪ ಅನುಮಾನದಿಂದಲೇ ಶುರುಮಾಡಿದ. ನಮಸ್ಕಾರ ಸ್ವಾಮಿ ಎಂದ.

"ಹೂಂ" ಎಂದಿತು ಪೆಟ್ಟಿಗೆ.

ಗುಡ್ಡಪ್ಪನ ಬೆನ್ನು ನೆಟ್ಟಗಾಯಿತು. ಅಂಥಿಂಥ ಹೂಂ ಅಲ್ಲ ಅದು. ತುಂಬಿದ ದನಿಯ, ಅವಸರವಿಲ್ಲದ, ಊಟ ಮುಗಿಸಿ ಗೋಡೆಗೆ ಒರಗಿ ಕೂತವನ ಹೂಂ. ಅಜ್ಜಿಯ ಕಾಲದ ವಿದ್ಯೆಯನ್ನೆಲ್ಲ ಚಿತ್ತಪ್ಪ ಅದಕ್ಕೆ ಸುರಿದಿದ್ದ. ಗುಡ್ಡಪ್ಪ ಎಲೆ ಅಡಿಕೆ ಉಗಿದು ಬಂದು, ಕಾಲು ಮಡಚಿ ಕೂತು, ಮೈಕನ್ನು ಎರಡೂ ಕೈಯಲ್ಲಿ ಹಿಡಿದ.

"ನಾನು ಹರೇದಾಗಿದ್ದಾಗಿನ ಮಾತು ಸ್ವಾಮಿ. ಮಳೆ ಹಿಂದಾಗಿತ್ತು, ಕುರಿ ಹೊಡ್ಕಂಡು ಹೊಳಲ್ಕೆರೆ ಕಡೆ ಹೊಂಟಿದ್ದೆ."

"ಹೂಂ."

"ದಾರಿಯಾಗೆ ಒಂದು ನಾಯಿ ಮಂದೆ ಹಿಂದೆ ಬಿತ್ತು. ಬಡಕಲು ನಾಯಿ. ಬೊಗಳಂಗಿಲ್ಲ, ಬಾಲ ಆಡಿಸಂಗಿಲ್ಲ."

"ಹೂಂ?"

"ಮೂಕನಾಯಿ ಇರಬೇಕು ಅಂತ ಕನಿಕರ ಬಂತು. ನನ್ನ ಮುದ್ದೆಯಾಗೆ ಒಂದು ತುಂಡು ಮುರಿದು ಹಾಕ್ದೆ."

ಆಮೇಲೆ ಗುಡ್ಡಪ್ಪನನ್ನು ಹಿಡಿಯುವವರಿರಲಿಲ್ಲ. ಆ ನಾಯಿ ಮುದ್ದೆ ನುಂಗಿ ಅವನನ್ನು ದುರುಗುಟ್ಟಿ ನೋಡಿದ್ದು, ತನ್ನ ಹಳೆಯ ನಾಯಿಗಳೆರಡೂ ಅದರ ಹತ್ತಿರ ಸುಳಿಯದೆ ಮರದ ಹಿಂದೆ ಕೂತು ನಡುಗಿದ್ದು, ಕೆಲಸ ಮಾಡದೆ ಕೂತು ತಿನ್ನುತ್ತೀಯಾ ಎಂದು ತಾನು ಅದರ ಕಿವಿ ಹಿಂಡಿ ಬುದ್ಧಿ ಹೇಳಿದ್ದು, ಅದು ಹಲ್ಲು ಬಿಟ್ಟಾಗ ನಗುತ್ತಿದೆ ಎಂದು ತಾನೂ ನಕ್ಕಿದ್ದು, ಒಂದೊಂದೂ ಬಂತು. ಊರಿನ ಜನ ಈ ಕತೆಯನ್ನು ಎಷ್ಟೋ ಸಲ ಕೇಳಿದ್ದರು. ಆದರೂ ಇಷ್ಟು ರಂಗಾಗಿ ಕೇಳಿರಲಿಲ್ಲ. ಯಾಕೆಂದರೆ ಇಂಥ ಹೂಂ ಗುಡ್ಡಪ್ಪನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಹೆದರಿಕೆ ಬಂದಾಗ ಹೂಂ ತಗ್ಗುತ್ತಿತ್ತು, ತಮಾಷೆ ಬಂದಾಗ ಎಳೆಯುತ್ತಿತ್ತು, ಗುಡ್ಡಪ್ಪ ಬೇಕೆಂದೇ ತಡೆದು ನಿಂತಾಗ 'ಹೂಂ, ಹೂಂ' ಎಂದು ಬೆನ್ನು ತಟ್ಟುತ್ತಿತ್ತು.

ಗುಡ್ಡಪ್ಪನ ಕಣ್ಣು ತುಂಬಿ ಬಂತು. ಕತೆ ನಿಲ್ಲಿಸಿ ಹೇಳಿಯೇಬಿಟ್ಟ.

"ನಿಮ್ಮಂಗೆ ಹೂಂಗುಟ್ಟೋರು ಈಗ ಯಾರವ್ರೆ ಸ್ವಾಮಿ? ನಮ್ಮ ಮನ್ಯಾಗೇ ಯಾರೂ ಇಲ್ಲ. ಅಷ್ಟು ದೂರ ಕುಂತು ಒಂದೂ ತಪ್ಪದಂಗೆ ಹಾಕ್ತಿದೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ."

ಕಂಬಳಿಯೊಳಗೆ ಚಿತ್ತಪ್ಪನ ಹೊಟ್ಟೆ ತಣ್ಣಗಿರಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಕಾಲು ಯಾರದೋ ಆಗಿತ್ತು, ಕಂಬಳಿಯ ನವಿರು ಮೂಗಿನೊಳಗೆ ಹೊಕ್ಕಿತ್ತು. ತಡೆದ, ತಡೆದ, ಮೂಗು ಹಿಂಡಿಕೊಂಡ. ಕೊನೆಗೆ ಪೆಟ್ಟಿಗೆ ದೊಡ್ಡದಾಗಿ ಆಕ್ಷೀ ಎಂದಿತು.

ಜಗಲಿಯ ಮೇಲಿದ್ದವರು ಕತ್ತು ಚಾಚಿ ಪೆಟ್ಟಿಗೆ ನೋಡಿದರು. ಗುಡ್ಡಪ್ಪ ಮಾತ್ರ ಕರಗಿಹೋದ. ನೆಗಡಿ ಆಗೈತೇನ್ರಿ ಸ್ವಾಮಿ, ಹಿರಿಯೂರಿನ ಧೂಳೇ ಹಂಗೆ, ಸಂಜೆಗೆ ಮೆಣಸಿನ ಕಷಾಯ ಕುಡೀರಿ ಎಂದು ಮೈಕಿನಲ್ಲಿ ಉಪಚಾರ ಮಾಡಿ, ಮತ್ತೆ ಕತೆಗೆ ಬಂದ.

"ಹಂಗೂ ಹಿಂಗೂ ಹೊಳಲ್ಕೆರೆ ಸಂತೆ ಬಾಗಿಲಿಗೆ ಬಂದ್ವಿ. ಅಲ್ಲೊಬ್ಬ ಮುದುಕ. ಅದರ ಮುಖ ನೋಡಿದ, ನನ್ನ ಮುಖ ನೋಡಿದ. ಹತ್ರ ಬಂದು ಒಂದು ಮಾತು ಕೇಳ್ದ ಸ್ವಾಮಿ. ಏನು ಕೇಳ್ದ ಅಂದ್ರೆ..."

ಟುಸ್ ಎಂದು ಸದ್ದಾಯಿತು. ಕಂಬಳಿಯೊಳಗಿನ ಕೆಂಪು ದೀಪ ಮಂಕಾಗಿ ಆರಿತು. ಬೆಳಗಿನಿಂದ ಹೂಂಗಳಲ್ಲಿ ಸವೆದಿದ್ದ ಬ್ಯಾಟರಿ ಪ್ರಾಣ ಬಿಟ್ಟಿತ್ತು.

ಚಿತ್ತಪ್ಪ ಹೊರಗೆ ಬಂದಾಗ ಅವನ ಮುಖ ಕಾದ ಹೆಂಚಿನ ಬಣ್ಣದಲ್ಲಿತ್ತು, ಹುಬ್ಬಿನ ತುಂಬ ಉಣ್ಣೆ ಹತ್ತಿತ್ತು. ಕಾಲು ಗಂಟೆ ಆಗಿತ್ತೋ ಇಲ್ಲವೋ ತಿಳಿಯದು. ಅವನ ಗಡಿಯಾರದ ಗಾಜಿನೊಳಗೆ ಬೆವರಿನ ಆವಿ ಕಟ್ಟಿತ್ತು. ಹಿರಿಯೂರಿಗೆ ಹೋಗಿ ಕೇಳೋಣವೆಂದರೆ ಜೀಪಿನ ಬ್ಯಾಟರಿಯೇ ಸತ್ತಿದೆ. ಬೇರೆ ದಾರಿ ಕಾಣದೆ ಚಿತ್ತಪ್ಪ ಗಂಟೆ ಹೊತ್ತು ಜಗಲಿಯಲ್ಲೇ ಕೂತ. ಆಮೇಲೆ ಗುಡ್ಡಪ್ಪ ಎದ್ದು ಹಿತ್ತಲಿಗೆ ಹೋದ. ಅವನು ಮರೆಯಾದ ಮೇಲೆ ಸಿದ್ದಕ್ಕ ಒಂದು ಚೊಂಬು ಮಜ್ಜಿಗೆ ತಂದು ಚಿತ್ತಪ್ಪನ ಕೈಗೆ ಕೊಟ್ಟಳು.

"ಕುಡಿಯಪ್ಪ. ಹೂಂ ಚೆಂದ ಹಾಕ್ದೆ. ಕಂಬಳಿ ಕೆಳಗೆ ನಿನ್ನ ಬೂಟು ಕಾಣ್ತಿತ್ತು, ನಾನೇ ಮುಂದೆ ಕುಂತು ಸೆರಗು ಹರಡಿದ್ದೆ. ನನ್ನ ತಮ್ಮಂಗೆ ಮಾತ್ರ ಹೇಳಬ್ಯಾಡ, ಎದೆ ಒಡ್ಕಂತಾನೆ."

ಚಿತ್ತಪ್ಪ ಹೇಳುವುದಿಲ್ಲ ಎಂದು ಮಾತು ಕೊಟ್ಟ. ಮಜ್ಜಿಗೆ ಇನ್ನೂ ಅರ್ಧ ಇರುವಾಗಲೇ ಊರ ಮುಂದೆ ಧೂಳು ಎದ್ದಿತು. ಎರಡು ಕಾರು, ಹಿಂದೆ ಒಂದು ಜೀಪು. ಕಮಿಟಿಗೆ ಕಮಿಟಿಯೇ ಬಂದು ಗುಡ್ಡಪ್ಪನ ಮನೆಯ ಮುಂದೆ ಇಳಿಯಿತು. ಮೊದಲನೆಯ ಕಾರಿನಿಂದ ಇಳಿದವರು ಎತ್ತರದ, ಕೋಟು ಹಾಕಿದ, ಮೂಗಿಗೆ ಕರವಸ್ತ್ರ ಹಿಡಿದ ಅಧ್ಯಕ್ಷರು. ಅವರು ಚಿತ್ತಪ್ಪನ ಕಡೆ ನೋಡಲೂ ಇಲ್ಲ. ನೆಟ್ಟಗೆ ಜಗಲಿ ಹತ್ತಿ, ಹಿತ್ತಲಿನಿಂದ ಬರುತ್ತಿದ್ದ ಗುಡ್ಡಪ್ಪನ ಎರಡೂ ಕೈ ಹಿಡಿದುಕೊಂಡರು.

"ಆ ಮುದುಕ ಏನು ಕೇಳ್ದ ಯಜಮಾನ? ಅದನ್ನ ಹೇಳು ಮೊದಲು. ದಾರಿ ಉದ್ದಕ್ಕೂ ಜೀವ ತಡಿಲಿಲ್ಲ."

ಚಿತ್ತಪ್ಪ ಚೊಂಬನ್ನು ಕೆಳಗಿಟ್ಟ. ಡೆಲ್ಲಿಯವರು ಎಂದು ತಾನು ನಂಬಿದ್ದ ಮನುಷ್ಯ ಆಡುತ್ತಿದ್ದುದು ಅಪ್ಪಟ ಹೊಸದುರ್ಗದ ಕಡೆಯ ಮಾತು. ಅಧ್ಯಕ್ಷರ ಹೆಸರು ಸಣ್ಣತಿಮ್ಮಪ್ಪ. ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಡೆಲ್ಲಿ ಬರೀ ನೌಕರಿಯ ಊರು ಎಂದು ಶಿವಕುಮಾರಪ್ಪ ಹಿಂದಿನ ಜೀಪಿನಿಂದ ಓಡಿಬಂದು ಕಿವಿಯಲ್ಲಿ ಉಸುರಿ, 'ಹೇಳುವುದು ಮರೆತಿದ್ದೆ ಸಾರ್' ಎಂದ.

ಗುಡ್ಡಪ್ಪ ಹೇಳಿದ. ಆ ಮುದುಕ ಕೇಳಿದ್ದು ಇಷ್ಟೇ: ಏನಪ್ಪ, ಈ ತೋಳ ಮರಿ ಹಾಕಿದರೆ ನನಗೊಂದು ಕೊಡ್ತೀಯಾ? ಸಣ್ಣತಿಮ್ಮಪ್ಪನವರು ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕು, ಸೀನಿ, ಕರವಸ್ತ್ರ ಮಡಚಿಕೊಂಡು ಈಗ ಚಿತ್ತಪ್ಪನ ಕಡೆ ತಿರುಗಿದರು. ತಿರುಗಿದ ಮುಖ ಬೇರೆಯೇ ಆಗಿತ್ತು, ಅಧ್ಯಕ್ಷರದ್ದು.

ಮಾತು ಸ್ಪಷ್ಟವಾಗಿತ್ತು, ಕಾಲು ಗಂಟೆಗಿಂತ ಹೆಚ್ಚೇ ಬಂತು, ಪೆಟ್ಟಿಗೆ ಪಾಸು ಎಂದರು. ಚಿತ್ತಪ್ಪನಿಗೆ ಉಸಿರು ಬಂತು. ಆದರೆ ನಾನು ಬಂದದ್ದು ಅದಕ್ಕಲ್ಲ ಎಂದರು ಅವರು.

"ನಾನು ಮಾತು ಕೇಳ್ತಾ ಸುಮ್ಮನೆ ಕೂರೋನಲ್ಲ ಚಿತ್ತಪ್ಪ. ಹೂಂ ಅನ್ನೋದು ಹುಟ್ಟುಗುಣ. ಗುಂಡಿ ಮುಟ್ಟಲಿಲ್ಲ, ಮೈಕು ಹಿಡೀಲಿಲ್ಲ, ಕುರ್ಚಿಯಲ್ಲಿ ಕೂತೇ ಹೂಂ ಅಂತಿದ್ದೆ. ಯಜಮಾನ ಇಲ್ಲಿಂದ ಏನಂದ? 'ಅಷ್ಟು ದೂರ ಕುಂತು ಒಂದೂ ತಪ್ಪದಂಗೆ ಹಾಕ್ತಿದೀರಲ್ಲ' ಅಂದ. ನಾನು ಸೀನಿದೆ. 'ನೆಗಡಿ ಆಗೈತೇನ್ರಿ' ಅಂದ. ಅವನು ಮಾತಾಡ್ತಿರುವಾಗಲೇ ನನ್ನ ದನಿ ಇಲ್ಲಿಗೆ ಬಂದಿದೆ. ಒಂದೇ ತರಂಗದಲ್ಲಿ, ಒಂದೇ ಕಾಲಕ್ಕೆ, ಎರಡೂ ಕಡೆ."

ಕಮಿಟಿಯಲ್ಲಿದ್ದ ಇನ್ನೊಬ್ಬ ತಜ್ಞರು ಕನ್ನಡಕ ಏರಿಸಿಕೊಂಡು ದನಿಗೂಡಿಸಿದರು. ಅಧ್ಯಕ್ಷರ ಹೂಂ ಇಲ್ಲಿನ ಸ್ಪೀಕರಿನಿಂದ ಹೊರಟು, ಯಜಮಾನರ ಮೈಕಿಗೆ ಬಿದ್ದು, ಸಣ್ಣಗೆ ವಾಪಸ್ಸು ಬರುತ್ತಿದ್ದುದನ್ನು ನಾವೆಲ್ಲ ನಮ್ಮ ಕಿವಿಯಿಂದಲೇ ಕೇಳಿದ್ದೇವೆ, ಇದಕ್ಕಿಂತ ಸಾಕ್ಷಿ ಬೇಕಿಲ್ಲ ಎಂದರು. ಇಂಥದ್ದು ಆಗುವುದೇ ಇಲ್ಲ ಎಂದು ತಾವು ಇಪ್ಪತ್ತು ವರ್ಷ ಪಾಠ ಹೇಳಿದ್ದನ್ನು ನೆನೆದು ತಲೆ ತಗ್ಗಿಸಿದರು.

ಚಿತ್ತಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು. ಒಂದೇ ತರಂಗದಲ್ಲಿ ಎರಡೂ ಕಡೆಯ ಮಾತು ಒಟ್ಟಿಗೆ ಹೋಗುವುದೆಂದರೆ, ಒಂದೇ ಬಾವಿಯ ಹಗ್ಗದಲ್ಲಿ ಒಂದೇ ಕೊಡ ಏರುತ್ತಲೂ ಇಳಿಯುತ್ತಲೂ ಇದ್ದಂತೆ. ಆಗಲೇ ಹೇಳಿಬಿಡುವುದು ಒಳ್ಳೆಯದು ಎಂದು ಬಾಯಿ ತೆರೆದ. ಗುಡ್ಡಪ್ಪ ಅಧ್ಯಕ್ಷರ ಪಕ್ಕ ಮದುವೆ ಗಂಡಿನ ಹಾಗೆ ಕೂತಿದ್ದ. ಸಿದ್ದಕ್ಕ ಬಾಗಿಲಲ್ಲಿ ನಿಂತು ಚಿತ್ತಪ್ಪನನ್ನೇ ನೋಡುತ್ತಿದ್ದಳು. ಚಿತ್ತಪ್ಪ ಸುತ್ತಿ ಬಳಸಿ ಹೇಳಲು ನೋಡಿದ.

"ಸಾರ್, ಅದು ಪೆಟ್ಟಿಗೆದಲ್ಲ ಸಾರ್. ಆ ಹೂಂ ಎಲ್ಲ ನಂದೇ. ನಾನೇ ಮಾಡಿದ್ದು."

ಸಣ್ಣತಿಮ್ಮಪ್ಪನವರು ಅವನ ಹೆಗಲು ತಟ್ಟಿದರು. ನಿಮ್ಮದಲ್ಲದೆ ಇನ್ಯಾರದು, ಪೆಟ್ಟಿಗೆಗೆ ಕೀರ್ತಿ ಕೊಟ್ಟು ನೀವು ಹಿಂದೆ ಕೂರುವುದನ್ನು ನಾನು ಒಪ್ಪುವುದಿಲ್ಲ ಎಂದರು. ಚಿತ್ತಪ್ಪ ಇನ್ನೊಮ್ಮೆ ಸಾರ್ ಎಂದ. ವಿನಯ ಸಾಕು ಎಂದು ಅವರು ಕೈಯೆತ್ತಿದರು.

ಆಮೇಲೆ ತೀರ್ಮಾನಗಳು ಒಂದರ ಹಿಂದೆ ಒಂದು ಬಂದವು. ಇಬ್ಬರೂ ಒಟ್ಟಿಗೆ ಮಾತಾಡುವ ಪೆಟ್ಟಿಗೆ ಕೈಯಲ್ಲಿರುವಾಗ, ಒಬ್ಬರಾದ ಮೇಲೆ ಒಬ್ಬರು ಗುಂಡಿ ಒತ್ತಿ ಮಾತಾಡುವ ಹಳೆಯ ಪೆಟ್ಟಿಗೆಗೆ ಸರ್ಕಾರ ಯಾಕೆ ಖರ್ಚು ಮಾಡಬೇಕು? ಅದನ್ನು ಇವತ್ತಿಗೇ ಕೈಬಿಡತಕ್ಕದ್ದು. ಹೊಸ ಪೆಟ್ಟಿಗೆಯನ್ನು ಚಿತ್ತಪ್ಪ ಡೆಲ್ಲಿಯಲ್ಲಿ ಎಲ್ಲರ ಎದುರು ತೋರಿಸತಕ್ಕದ್ದು. ತೋರಿಸಿದ ಮಾರನೆಯ ದಿನವೇ ಲ್ಯಾಬು, ಮುಖ್ಯಸ್ಥನ ಹುದ್ದೆ, ಎಲ್ಲವೂ ಅವನದು; ಅದರಲ್ಲಿ ಎಳ್ಳಷ್ಟೂ ಸಂಶಯ ಬೇಡ.

ತೋರಿಸುವ ತನಕ ನಾನೆಲ್ಲಿ ಎಂದು ಚಿತ್ತಪ್ಪ ಕೇಳಿದ.

ಸಣ್ಣತಿಮ್ಮಪ್ಪನವರು ಅದನ್ನೂ ಯೋಚಿಸಿಕೊಂಡೇ ಬಂದಿದ್ದರು. ಇಂಥ ಸಂಶೋಧನೆ ಹತ್ತು ಜನ ಓಡಾಡುವ ಜಾಗದಲ್ಲಿ ಆಗುವುದಿಲ್ಲ, ಗುಟ್ಟು ಹೊರಗೆ ಹೋಗಬಾರದು ಎಂದರು. ಅವನ ಭುಜದ ಮೇಲೆ ಕೈಯಿಟ್ಟು ಕಾರಿನ ತನಕ ನಡೆಸಿಕೊಂಡು ಹೋಗಿ, ತಂದೆಯ ಹಾಗೆ ದನಿ ತಗ್ಗಿಸಿ ಹೇಳಿದರು.

"ನಿಮ್ಮ ಡೈರೆಕ್ಟರಿಗೆ ಹಿರಿಯೂರಿನಿಂದಲೇ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ. ನಾಳೆಯಿಂದ ನೀವು ಸ್ಟೋರ್ಸಲ್ಲಿ ಕೂತ್ಕೊಳ್ಳಿ. ಹಿಂದಿನ ಶೆಡ್ಡು, ನೋಡಿದ್ದೀರಲ್ಲ? ಆ ಕಡೆ ನಿಮ್ಮನ್ನ ಮಾತಾಡಿಸೋಕೆ ಒಂದು ನರಪಿಳ್ಳೆನೂ ಬರಲ್ಲ."